ಸಹಿ ಹಾಕಿದ್ದು ಯಾರು?

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನ ಸಂಶೋಧನಾ ಪೇಪರ್‌ಗಳ ಸಂಖ್ಯೆ ಓದಿದರು. ಕೇಳೋದಕ್ಕೆ ಚೆನ್ನಾಗಿತ್ತು. ಆದರೆ ಅವುಗಳಲ್ಲಿ ಎಷ್ಟನ್ನು ನೀವು ಈಗ ಫೋನ್ ತೆಗೆದು ಓದಬಹುದು ಅನ್ನೋದನ್ನು ಅವರು ಹೇಳಲಿಲ್ಲ. ನಾನೇ ಹೇಳುತ್ತೇನೆ. ಮೂರರಲ್ಲಿ ಒಂದು ಪಾಲೂ ಇಲ್ಲ. ಉಳಿದದ್ದಕ್ಕೆಲ್ಲ ಬೀಗ, ಜರ್ನಲ್‌ಗೆ ದುಡ್ಡು ಕೊಟ್ಟವರಿಗೆ ಮಾತ್ರ ಓದೋದಕ್ಕೆ ಸಿಗುತ್ತೆ. ಆ ಬೀಗ ತೆಗೆದು ಯಾರು ಬೇಕಾದರೂ ಪುಕ್ಕಟೆ ಓದುವ ಹಾಗೆ ಮಾಡೋದಕ್ಕೆ ಓಪನ್ ಆಕ್ಸೆಸ್ ಅಂತಾರೆ. ಇವತ್ತಿನ ಮಾತು ಅದರ ಮೇಲೆ.

ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೇನೆ. ನಾಲ್ಕೂ ಮುಗಿಯುತ್ತವೆ ಅನ್ನೋ ನಂಬಿಕೆ ನನಗಿಲ್ಲ, ನನ್ನನ್ನು ಬಲ್ಲವರಿಗಂತೂ ಇಲ್ಲವೇ ಇಲ್ಲ.

ಮೊದಲು ನನ್ನದೇ ಒಂದು ಪೇಚಾಟ. ನಿವೃತ್ತಿಯಾಗಿ ಎರಡು ತಿಂಗಳಾಗಿತ್ತು. ಗುರುತಿಲ್ಲದ ಹುಡುಗನೊಬ್ಬ ಫೋನ್ ಮಾಡಿದ. ಪಿಎಚ್‌.ಡಿ. ಮಾಡುತ್ತಿದ್ದಾನೆ. 'ಮಣ್ಣಿನ ಉಪ್ಪಿನ ಮೇಲೆ ನೀವು ಬರೆದ ಪೇಪರ್ ಇದೆಯಲ್ಲ, ಅದಕ್ಕೆ ಎಷ್ಟು ಆಳದ ಮಣ್ಣು ತೆಗೆದಿದ್ದಿರಿ?' ಅಂತ ಕೇಳಿದ. ಪೇಪರ್ ಅವನಿಗೆ ಸಿಕ್ಕಿರಲಿಲ್ಲ. ಸಾರಾಂಶ ಮಾತ್ರ ಸಿಕ್ಕಿತ್ತು. ಅದೊಂದೇ ಪುಕ್ಕಟೆ ನೋಡಿ. ಊಟದ ವಾಸನೆ ಹಿಡಿಸಿ ತಟ್ಟೆ ಎತ್ತಿಕೊಂಡು ಹೋದ ಹಾಗೆ.

'ತಾಳಪ್ಪ, ನೋಡಿ ಹೇಳ್ತೀನಿ' ಅಂದೆ. ಜರ್ನಲ್‌ನ ಪುಟಕ್ಕೆ ಹೋದೆ. ನನ್ನ ಹೆಸರು ದಪ್ಪ ಅಕ್ಷರದಲ್ಲಿದೆ. ಕೆಳಗೆ 'ಖರೀದಿಸಿ' ಅನ್ನೋ ಗುಂಡಿ. ಲೈಬ್ರರಿಯ ಲಾಗಿನ್ ಹಾಕಿದೆ, ತೆಗೆದುಕೊಳ್ಳಲಿಲ್ಲ. ನಿವೃತ್ತಿಯ ಹಾರ ಬಾಡುವ ಮೊದಲೇ ಲಾಗಿನ್ ಕಿತ್ತುಹಾಕಿದ್ದರು. ಸರಿ, ಇನ್ನೊಂದು ದಾರಿ ಇತ್ತು. ಅಲ್ಲೇ ಬರೆದಿತ್ತು: ಲೇಖಕರನ್ನು ಸಂಪರ್ಕಿಸಿ. ಒತ್ತಿದೆ. ನಗಬೇಡಿ, ಯೋಚನೆ ಮಾಡದೆ ಒತ್ತಿಬಿಟ್ಟೆ. 'ಮಾನ್ಯರೇ, ತಮ್ಮ ಲೇಖನದ ಒಂದು ಪ್ರತಿ ಕಳಿಸಿಕೊಡಬಹುದೇ' ಅಂತ ನನಗೇ ಒಂದು ಮೇಲ್ ಹೋಯಿತು. ಅದೂ ತಲುಪಲಿಲ್ಲ. ಹಳೇ ವಿಳಾಸ ಮುಚ್ಚಿಹೋಗಿತ್ತು. ನನ್ನ ಪೇಪರ್ ನನ್ನನ್ನೇ ಕೇಳಿದೆ, ನಾನೇ ಕೊಡಲಿಲ್ಲ.

ಕೊನೆಗೆ ನೆನಪಿನಿಂದ ಹುಡುಗನಿಗೆ ಉತ್ತರ ಹೇಳಿದೆ. ಅದೇನಾಯಿತು ಅಂತ ಆಮೇಲೆ ಹೇಳುತ್ತೇನೆ.

ಅವತ್ತು ಪ್ರಕಾಶಕರ ಮೇಲೆ ಸಿಟ್ಟು ಬಂದಿತ್ತು. ನೋಡಿ, ಸಂಶೋಧನೆಗೆ ದುಡ್ಡು ಜನರ ತೆರಿಗೆಯದು. ಸಂಬಳವೂ ಅಲ್ಲಿಂದಲೇ. ಬರೆದವರು ನಾವು, ಒಂದು ಕಾಸೂ ಕೇಳಲಿಲ್ಲ. ಪರಿಶೀಲನೆ ಮಾಡಿದವರೂ ನಮ್ಮಂಥವರೇ, ಭಾನುವಾರ ಕೂತು, ಸುಮ್ನೆ. ಆಮೇಲೆ ಅದನ್ನೇ ನಮ್ಮ ಲೈಬ್ರರಿ ದುಡ್ಡು ಕೊಟ್ಟು ಕೊಳ್ಳುತ್ತದೆ, ಅದೂ ತೆರಿಗೆಯದೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಕೇಳಿದ್ದೇವೆ. ಇಲ್ಲಿ ಪೂಜಾರಿಯನ್ನು ನೇಮಿಸಿದವರೂ ನಾವೇ.

ಸಿಟ್ಟು ಇಳಿದ ಮೇಲೆ ಹಳೇ ಫೈಲ್ ತೆಗೆದೆ. ಕಾಪಿರೈಟ್ ವರ್ಗಾವಣೆಯ ಒಂದು ಹಾಳೆ ಸಿಕ್ಕಿತು. ಹಕ್ಕನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ ಅಂತ ಅದರಲ್ಲಿದೆ. ಕೆಳಗೆ ಸಹಿ. ಯಾರದು? ನನ್ನದು. ಪೇಪರ್ ಒಪ್ಪಿದರಲ್ಲ ಅನ್ನೋ ಖುಷಿಯಲ್ಲಿ ಓದದೇ ಹಾಕಿದ ಸಹಿ. ಇವತ್ತು ನಾನು ಹೇಳಬೇಕು ಅಂತ ಬಂದಿರೋದು ಇದೊಂದೇ. ಉಳಿದದ್ದೆಲ್ಲ ಇದರ ಸುತ್ತಮುತ್ತ. ಬೀಗ ಅವರದು ಇರಬಹುದು, ಸಹಿ ಹಾಕಿದ್ದು ಯಾರು?

ಜರ್ನಲ್ ಹುಟ್ಟಿದ್ದು ಬೀಗ ಹಾಕೋದಕ್ಕಲ್ಲ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಅನ್ನೋ ಜರ್ನಲ್ ಶುರು ಮಾಡಿದ. ಗುಟ್ಟಾಗಿ ಇಟ್ಟುಕೊಳ್ಳುವುದಕ್ಕಿಂತ ಬೇಗ ಹೇಳಿಕೊಂಡರೆ ಹೆಸರು ನಿನ್ನದಾಗುತ್ತೆ, ಅದರ ಒಳಗುಟ್ಟು ಇಷ್ಟೇ. ಆಗ ಕಾಗದ, ಅಚ್ಚು, ಅಂಚೆ ಎಲ್ಲಕ್ಕೂ ಖರ್ಚಿತ್ತು. ಓದುಗ ದುಡ್ಡು ಕೊಡೋದರಲ್ಲಿ ನ್ಯಾಯವೂ ಇತ್ತು. ಈಗ ಇನ್ನೊಂದು ಪ್ರತಿ ಕಳಿಸೋದಕ್ಕೆ ಖರ್ಚೇ ಇಲ್ಲ ಅನ್ನಬಹುದು. ವೆಬ್ ಹುಟ್ಟಿದ್ದೇ ಸಂಶೋಧಕರು ಮಾಹಿತಿ ಹಂಚಿಕೊಳ್ಳಲಿ ಅಂತ. ಹುಟ್ಟಿದ ಜಾಗ ಸರ್ನ್, ಹಲವು ಸರ್ಕಾರಗಳ ದುಡ್ಡಿನ ಪ್ರಯೋಗಾಲಯ. 1993ರ ಏಪ್ರಿಲ್ 30ರಂದು ಸರ್ನ್ ಅದರ ಸಾಫ್ಟ್‌ವೇರನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ರಾಯಧನ ಕೇಳಲಿಲ್ಲ. ಆ ವೆಬ್ ಮೇಲೆ ಇವತ್ತು ಏನೇನೋ ಪುಕ್ಕಟೆ ಸಿಗುತ್ತೆ. ಬೆಕ್ಕಿನ ವಿಡಿಯೋ ಎಷ್ಟು ಬೇಕಾದರೂ ಸಿಗುತ್ತೆ. ಸಿಗದೆ ಇರೋದು ಯಾವುದಕ್ಕಾಗಿ ಅದನ್ನು ಮಾಡಿದರೋ ಅದು, ನಮ್ಮ ಪೇಪರ್‌ಗಳು.

ಬರೆದುಕೊಂಡು ಬಂದ ಮೊದಲನೇ ವಿಷಯ ಇದು. ಬೀಗದಿಂದ ಏನು ನಷ್ಟ, ಬೇಕಾದವರು ಕೇಳಿ ತಗೋತಾರೆ ಅಲ್ವಾ ಅನ್ನುವವರು ಇದ್ದಾರೆ. ಅವರಿಗೆ ಲೈಬೀರಿಯಾದ ವಿಷಯ ಹೇಳುತ್ತೇನೆ. 1982ರಲ್ಲಿ ಯುರೋಪಿನ ಒಂದು ಜರ್ನಲ್‌ನಲ್ಲಿ ಜರ್ಮನ್ ಸಂಶೋಧಕರ ಪೇಪರ್ ಬಂತು. ಲೈಬೀರಿಯಾದ ಜನರ ರಕ್ತ ಪರೀಕ್ಷೆ ಮಾಡಿದ್ದರು. ಕೆಲವರಲ್ಲಿ ಎಬೋಲಾ ವಿರುದ್ಧದ ಪ್ರತಿಕಾಯ ಸಿಕ್ಕಿತ್ತು, ಅಂದರೆ ಆ ರೋಗಾಣು ಮೈಗೆ ತಾಗಿತ್ತು ಅನ್ನೋ ಗುರುತು. ಈ ದೇಶವನ್ನೂ ಎಬೋಲಾ ಇರುವ ಪ್ರದೇಶಕ್ಕೆ ಸೇರಿಸಿ, ಆರೋಗ್ಯ ಸಿಬ್ಬಂದಿ ಎಚ್ಚರವಾಗಿರಲಿ, ಆಸ್ಪತ್ರೆಯೊಳಗೇ ರೋಗ ಹರಡಬಹುದು ಅಂತ ಬರೆದಿದ್ದರು. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಬಂತು. ಮೂರು ದೇಶಗಳಲ್ಲಿ ಸತ್ತವರು 11,000ಕ್ಕೂ ಜಾಸ್ತಿ. 2015ರಲ್ಲಿ ಲೈಬೀರಿಯಾದ ಮುಖ್ಯ ವೈದ್ಯಾಧಿಕಾರಿ ಬರ್ನಿಸ್ ಡಾನ್ ಮತ್ತು ಇನ್ನಿಬ್ಬರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಇಂಥ ಎಚ್ಚರಿಕೆ ಇತ್ತು ಅನ್ನೋದೇ ನಮಗೆ ಗೊತ್ತಿರಲಿಲ್ಲ ಅಂದರು. ಅಂಥ ಒಂದು ಪೇಪರ್ ಇಳಿಸಿಕೊಳ್ಳಲು ಆಗ 45 ಡಾಲರ್. ಅಲ್ಲಿನ ವೈದ್ಯರ ಅರ್ಧ ವಾರದ ಸಂಬಳ.

ಪೇಪರ್ ಬಿಚ್ಚಿಟ್ಟಿದ್ದರೆ ರೋಗ ನಿಲ್ಲುತ್ತಿತ್ತು ಅಂತ ನಾನು ಹೇಳಲಾರೆ. ಹಾಗೆ ಹೇಳಿ ಚಪ್ಪಾಳೆ ತಗೊಳ್ಳೋದು ಸುಲಭ. ಆದರೆ ರಕ್ತ ಕೊಟ್ಟವರ ನಾಡಿಗೇ ಆ ರಕ್ತ ಹೇಳಿದ ಸುದ್ದಿ ತಲುಪಲಿಲ್ಲ. 'ಬೇಕಾದವರು ಕೇಳ್ತಾರೆ' ಅನ್ನೋ ಮಾತು ಅಲ್ಲೇ ಬಿದ್ದುಹೋಗುತ್ತೆ. ಇದೆ ಅಂತ ಗೊತ್ತಿದ್ದರೆ ತಾನೇ ಕೇಳೋದು?

ಎರಡನೇ ವಿಷಯ, ಗುಣಮಟ್ಟ. ಬಾಗಿಲು ತೆರೆದಿಟ್ಟರೆ ಕಸ ಬರುತ್ತೆ ಅಂತಾರೆ. ಕಸ ಬರುತ್ತೆ, ನಿಜ. ದುಡ್ಡು ಕೊಟ್ಟರೆ ಏನನ್ನಾದರೂ ಹಾಕುವ ನಕಲಿ ಜರ್ನಲ್‌ಗಳು ನಿಮ್ಮ ಇನ್‌ಬಾಕ್ಸ್‌ಗೂ ಬಂದಿರುತ್ತವೆ. ನನ್ನನ್ನು ಅಂಥ ಒಬ್ಬರು ದಂತವೈದ್ಯರ ಸಮ್ಮೇಳನದ ಅಧ್ಯಕ್ಷತೆಗೆ ಕರೆದಿದ್ದರು. ಆದರೆ ಬೀಗಕ್ಕೂ ಗುಣಮಟ್ಟಕ್ಕೂ ಸಂಬಂಧವಿಲ್ಲ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಶುರು ಮಾಡಿದ ಆರ್ಕೈವ್ ನಿಮಗೆಲ್ಲ ಗೊತ್ತು, ಜರ್ನಲ್‌ಗೆ ಕಾಯದೆ ಪೇಪರ್ ಹಾಕುವ, ಯಾರು ಬೇಕಾದರೂ ಓದುವ ವೆಬ್ ತಾಣ. 2002ರ ನವೆಂಬರಿನಲ್ಲಿ ಗ್ರಿಗೊರಿ ಪೆರೆಲ್ಮನ್ ಗಣಿತದ ಹಳೇ ಒಗಟಾದ ಪ್ವಾಂಕರೆ ಊಹೆಯ ಪುರಾವೆಯ ಮೊದಲ ಭಾಗವನ್ನು ಅಲ್ಲಿ ಹಾಕಿದ. ಯಾವ ಜರ್ನಲ್‌ಗೂ ಕಳಿಸಲಿಲ್ಲ. ಗಣಿತದವರು ವರ್ಷಗಟ್ಟಲೆ ಕೂತು ಒಂದೊಂದೇ ಸಾಲು ಪರೀಕ್ಷಿಸಿದರು, ಸರಿ ಇದೆ ಅಂದರು. ಗಣಿತದ ದೊಡ್ಡ ಗೌರವ ಫೀಲ್ಡ್ಸ್ ಪದಕ ಕೊಟ್ಟರೆ ಬೇಡ ಅಂದ. ಹತ್ತು ಲಕ್ಷ ಡಾಲರ್ ಬಹುಮಾನವೂ ಬೇಡ ಅಂದ. ನಿಮಗೆ ಅಷ್ಟು ವೈರಾಗ್ಯ ಬೇಕಿಲ್ಲ, ಗಾಬರಿಯಾಗಬೇಡಿ. ಪರೀಕ್ಷೆ ಮಾಡೋದು ಮನುಷ್ಯರು, ಬೀಗ ಅಲ್ಲ. ಅಷ್ಟೇ ನಾನು ಹೇಳೋದು.

ಏನು, ಚೀಟಿ ಬಂತಾ? ಹತ್ತು ನಿಮಿಷ. ಸರಿ, ಅದರಲ್ಲಿ ಎರಡು ನಿಮಿಷ ಮೈಕ್ ಕೈಕೊಟ್ಟಿದ್ದಕ್ಕೆ ಕಳೀಬೇಡಿ.

ಮೂರನೆಯದು ಎ.ಪಿ.ಸಿ., ಅಂದರೆ ಲೇಖಕರೇ ಕೊಡಬೇಕಾದ ಪ್ರಕಟಣೆಯ ಶುಲ್ಕ. ಓದುಗರ ಬಾಗಿಲು ತೆರೆದು ಬರೆಯುವವರ ಬಾಗಿಲು ಮುಚ್ಚೋದು ಓಪನ್ ಆಕ್ಸೆಸ್ ಅಲ್ಲ. 'ನೇಚರ್' 2020ರಲ್ಲಿ ಪ್ರಕಟಿಸಿದ ದರ ಒಂದು ಪೇಪರ್‌ಗೆ 9,500 ಯೂರೋ. ಕೆಲವು ಜರ್ನಲ್‌ಗಳು ಚಂದಾನೂ ತಗೋತವೆ, ಶುಲ್ಕಾನೂ ತಗೋತವೆ. ಉಂಡೂ ಹೋದ, ಕೊಂಡೂ ಹೋದ. ಶುಲ್ಕ ವಿಪರೀತವಾಯಿತು ಅಂತ 2023ರಲ್ಲಿ 'ನ್ಯೂರೋಇಮೇಜ್' ಜರ್ನಲ್‌ನ ಸಂಪಾದಕರು ಎಲ್ಲರೂ ಒಟ್ಟಿಗೆ ರಾಜೀನಾಮೆ ಕೊಟ್ಟು ಬೇರೆ ಜರ್ನಲ್ ಕಟ್ಟಿದರು. ಬ್ರೆಜಿಲ್‌ನಲ್ಲಿ ಶುರುವಾದ ಸೈಯೆಲೋ ಅನ್ನೋ ಆನ್‌ಲೈನ್ ಜರ್ನಲ್ ಸಂಗ್ರಹ 1990ರ ದಶಕದ ಕೊನೆಯಿಂದಲೂ ಸಾರ್ವಜನಿಕ ದುಡ್ಡಿನಲ್ಲಿ ನಡೆಯುತ್ತಿದೆ, ಅಲ್ಲಿನ ಜರ್ನಲ್‌ಗಳನ್ನು ಓದೋದಕ್ಕೆ ಯಾರಿಗೂ ಖರ್ಚಿಲ್ಲ. ಇದರ ಮೇಲೆ ಬಹಳ ಹೇಳೋದಿತ್ತು. ಬಿಡೋಣ.

ಯಾಕೆಂದರೆ ದುಡ್ಡೇ ಬೇಡದ ದಾರಿ ಒಂದಿದೆ. ಪೀರ್ ರಿವ್ಯೂ, ಅಂದರೆ ನಮ್ಮಂಥವರೇ ಮಾಡುವ ಆ ಪರಿಶೀಲನೆ, ಮುಗಿದು ಒಪ್ಪಿಗೆಯಾದ ನಿಮ್ಮ ಕೊನೆಯ ಪ್ರತಿ. ಜರ್ನಲ್‌ನವರು ಚೆಂದ ಜೋಡಿಸಿದ ಪಿಡಿಎಫ್ ಅಲ್ಲ, ನಿಮ್ಮ ಕಂಪ್ಯೂಟರ್‌ನಲ್ಲಿರೋ ವರ್ಡ್ ಫೈಲ್. ಬಹಳಷ್ಟು ಪ್ರಕಾಶಕರು ಅದನ್ನು ರೆಪೊಸಿಟರಿಗೆ, ಅಂದರೆ ಎಲ್ಲರೂ ಓದಬಹುದಾದ ಆನ್‌ಲೈನ್ ಸಂಗ್ರಹಕ್ಕೆ, ಹಾಕಲು ಬಿಡುತ್ತಾರೆ. ಕೆಲವರು ಕೂಡಲೇ, ಕೆಲವರು ಒಂದಷ್ಟು ತಿಂಗಳು ಕಾದ ಮೇಲೆ. ಕಾಯುವ ಆ ಎಂಬಾರ್ಗೋ ಕೂಡ ಕರಗುತ್ತಿದೆ. ಆರೋಗ್ಯ ಸಂಶೋಧನೆಗೆ ದುಡ್ಡು ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ 2008ರಲ್ಲಿ, ನಮ್ಮ ದುಡ್ಡು ಪಡೆದವರು ಹನ್ನೆರಡು ತಿಂಗಳೊಳಗೆ ಪೇಪರ್ ಬಿಚ್ಚಿಡಿ ಅಂತ ಕಡ್ಡಾಯ ಮಾಡಿತು. 2025ರ ಜುಲೈಯಿಂದ ಆ ಹನ್ನೆರಡು ತಿಂಗಳೂ ಇಲ್ಲ, ಪ್ರಕಟವಾದ ದಿನವೇ.

ನನಗೆ ಇದಕ್ಕಿಂತ ಇಷ್ಟವಾದದ್ದು ಹಾರ್ವರ್ಡ್. 2008ರ ಫೆಬ್ರವರಿಯಲ್ಲಿ ಅಲ್ಲಿನ ಕಲೆ ಮತ್ತು ವಿಜ್ಞಾನ ವಿಭಾಗದ ಅಧ್ಯಾಪಕರು ತಾವೇ ಮತ ಹಾಕಿ ಒಂದು ನಿಯಮ ಮಾಡಿಕೊಂಡರು. ಪೇಪರ್ ಬರೆದರೆ ಅದನ್ನು ಎಲ್ಲರಿಗೂ ಹಂಚುವ ಹಕ್ಕು ಮೊದಲೇ ವಿಶ್ವವಿದ್ಯಾಲಯಕ್ಕೆ ಹೋಗುತ್ತೆ. ಆಮೇಲೆ ಪ್ರಕಾಶಕರ ಹಾಳೆಗೆ ಸಹಿ. ನೋಡಿದಿರಾ, ಮತ್ತೆ ಅಲ್ಲಿಗೇ ಬಂದೆ. ಮೇಲಿನಿಂದ ಆಜ್ಞೆ ಬರಲಿಲ್ಲ. ಸಹಿ ಹಾಕುವ ಕೈಗಳೇ ಸಹಿಗೆ ಮೊದಲು ಒಂದು ಕೆಲಸ ಮಾಡಿಕೊಂಡವು. ಇಲ್ಲಿ ಮುಂದಿನ ಸಾಲಿನಲ್ಲಿ ಕೂತವರು ಮನಸ್ಸು ಮಾಡಿದರೆ ಒಂದು ಮಧ್ಯಾಹ್ನದ ಸಭೆಯ ಕೆಲಸ ಅದು. ಸಾಹೇಬರು ನಗುತ್ತಿದ್ದಾರೆ. ನಗು ಒಪ್ಪಿಗೆಯೋ ಅಲ್ಲವೋ ಊಟದ ಹೊತ್ತಿಗೆ ಕೇಳುತ್ತೇನೆ.

ನಾಲ್ಕನೆಯದು ದತ್ತಾಂಶ. ಪೇಪರ್ ಮಾತ್ರ ಅಲ್ಲ, ಅಂಕಿಗಳನ್ನೂ ಹಂಚಿ. ಮನುಷ್ಯನ ಡಿಎನ್‌ಎ ಪೂರ್ತಿ ಓದಲು ಹೊರಟ ಮಾನವ ಜೀನೋಮ್ ಯೋಜನೆಯವರು 1996ರಲ್ಲೇ, ಓದಿದ್ದನ್ನು 24 ಗಂಟೆಯೊಳಗೆ ಎಲ್ಲರಿಗೂ ಸಿಗುವಂತೆ ಹಾಕುತ್ತೇವೆ ಅಂತ ಒಪ್ಪಿಕೊಂಡಿದ್ದರು. ಅದಕ್ಕೆ ಇನ್ನೊಂದು ದಿನ ಕರೆಯಿರಿ.

ಹಾಂ, ಆ ಹುಡುಗ. ನೆನಪಿನಿಂದ 30 ಸೆಂಟಿಮೀಟರ್ ಅಂದಿದ್ದೆ. ಮೂರು ವಾರದ ಮೇಲೆ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಅವಳ ಹಳೇ ಲ್ಯಾಪ್‌ಟಾಪ್ ತಡಕಾಡಿ ಆ ವರ್ಡ್ ಫೈಲ್ ಕಳಿಸಿದಳು. ಕೆಂಪು ಗೆರೆಗಳೆಲ್ಲ ಹಾಗೇ ಇದ್ದವು. ಮೂರನೇ ಟೇಬಲ್ ನೋಡಿದೆ. 15 ಸೆಂಟಿಮೀಟರ್. ತಕ್ಷಣ ಹುಡುಗನಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವನು ನಲವತ್ತು ಗುಂಡಿ ತೋಡಿಸಿಬಿಟ್ಟಿದ್ದ.

ಆ ಫೈಲ್ ಈಗ ರೆಪೊಸಿಟರಿಯಲ್ಲಿದೆ. ಹಿಂದಿನ ಸಾಲಿನಲ್ಲಿ ಆಗಲಿಂದ ಒಬ್ಬರು ಕೈ ಎತ್ತಿಕೊಂಡೇ ಇದ್ದಾರೆ, ನೋವಾಗುತ್ತೆ. ಕೇಳಿ, ಏನು ನಿಮ್ಮ ಪ್ರಶ್ನೆ?