ಸರ್ಕಾರಿ ಪ್ರೌಢಶಾಲೆಯ ಫಲಿತಾಂಶ ಮತ್ತು ಅದರ ದಾಖಲಾತಿ ವಹಿ

ಮಾನ್ಯರೆ,

ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನ ಜಿಲ್ಲೆಗಳ ಸ್ಥಾನಪಟ್ಟಿ ಪತ್ರಿಕೆಗಳಲ್ಲಿ ಬರುತ್ತದೆ. ಅದರ ಬೆನ್ನಿಗೇ ಕೆಳಗಿನ ಸ್ಥಾನದ ಶಾಲೆಗಳ ಮುಖ್ಯ ಶಿಕ್ಷಕರನ್ನು ಕಾರಣ ಕೇಳುವ ಕೆಲಸ ಶುರುವಾಗುತ್ತದೆ. ಆ ಪಟ್ಟಿಯನ್ನು ಹೇಗೆ ಓದಬೇಕು ಎಂಬುದೇ ನನ್ನ ಇಂದಿನ ಮಾತಿನ ವಿಷಯ. ಶಾಲೆಯ ಶೇಕಡಾವಾರು ಫಲಿತಾಂಶ ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯ ಮೇಲಿರುತ್ತದೆ. ಆ ಶಾಲೆಗೆ ಯಾರ ಮಕ್ಕಳು ಬಂದರು ಎಂಬ ವಿವರ ಅದೇ ಕೊಠಡಿಯ ಬೀರುವಿನಲ್ಲಿ, ದಾಖಲಾತಿ ವಹಿಯಲ್ಲಿರುತ್ತದೆ. ಇವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವ ರೂಢಿ ನಮ್ಮಲ್ಲಿ ಬೆಳೆಯಲೇ ಇಲ್ಲ.

ಮೊದಲಿಗೆ ಆ ಶೇಕಡಾವಾರು ಸಂಖ್ಯೆಯನ್ನೇ ನೋಡೋಣ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಮೂಲಕ ನೇರ ನಿಗಾ, ಬಂದಿತು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಆ ಹೆಚ್ಚುವರಿ ಕೃಪಾಂಕ ಇಲ್ಲದ 2025ರ ಮೊದಲ ಪರೀಕ್ಷೆಯಲ್ಲಿ ಅದು ಶೇ 62.34 ಆಯಿತು. 2023ರಲ್ಲಿ ರಾಜ್ಯಕ್ಕೇ ಮೊದಲಿಗೆ ನಿಂತಿದ್ದ ಚಿತ್ರದುರ್ಗ ಮರುವರ್ಷ 21ನೆಯ ಸ್ಥಾನಕ್ಕೆ ಹೋಯಿತು. ಒಂದೇ ವರ್ಷದಲ್ಲಿ ಅಲ್ಲಿನ ಮಕ್ಕಳಾಗಲಿ ಮನೆಗಳಾಗಲಿ ಶಿಕ್ಷಕರಾಗಲಿ ಬದಲಾಗಿರಲಿಲ್ಲ. ಬದಲಾದದ್ದು ಅಳೆಯುವ ಕೋಲು. ಹಾಗಾಗಿ ಒಂದು ವರ್ಷದ ಸಂಖ್ಯೆಯನ್ನು ಹಿಂದಿನ ವರ್ಷದ್ದರೊಂದಿಗೆ ಹೋಲಿಸಿ ಯಾರನ್ನಾದರೂ ಶಿಕ್ಷಿಸುವುದು ಅನ್ಯಾಯ. ಹತ್ತನೆಯ ತರಗತಿಯಲ್ಲಿ 20 ಮಕ್ಕಳಿರುವ ಹಳ್ಳಿಯ ಶಾಲೆಯಲ್ಲಂತೂ ಒಂದು ಮಗು ಜ್ವರದಲ್ಲೇ ಪರೀಕ್ಷೆ ಬರೆದು ಅನುತ್ತೀರ್ಣವಾದರೆ ಫಲಿತಾಂಶ ಶೇ 5ರಷ್ಟು ಕುಸಿಯುತ್ತದೆ.

ಆದರೆ ಅಳತೆಗೋಲು ಬದಲಾದರೂ ಬದಲಾಗದೆ ಉಳಿಯುವ ಅಂತರಗಳಿವೆ. 2025ರಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12, ಕಲಬುರಗಿಯದು ಶೇ 42.43. ಇದನ್ನು ಆ ವರ್ಷದ ಬೋಧನೆಯ ಫಲವೆಂದು ಓದುವವರು 2011ರ ಜನಗಣತಿಯನ್ನೂ ಒಮ್ಮೆ ತೆರೆಯಬೇಕು. ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ನ್ನು ದಾಟಿತ್ತು. ಕಲಬುರಗಿಯದು ಶೇ 65ರ ಆಸುಪಾಸಿನಲ್ಲಿ, ಯಾದಗಿರಿಯದು ಶೇ 52ರ ಒಳಗೆ ಇತ್ತು. ಅಂದು ಅಕ್ಷರ ಬಾರದಿದ್ದ ತಾಯಿಯ ಮಗನೇ, ಮಗಳೇ ಇಂದು ಹತ್ತನೆಯ ತರಗತಿಯಲ್ಲಿ ಕುಳಿತಿದ್ದಾರೆ. ಕರಾವಳಿಗೆ 1834ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಬಂದು ಶಾಲೆಗಳನ್ನು ತೆರೆಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ ಸೀಮೆಯ ಕನ್ನಡ ಮಕ್ಕಳಿಗೆ 1948ರವರೆಗೂ ಆಡಳಿತದ ಭಾಷೆಯೇ ಬೇರೆಯಾಗಿತ್ತು. ಮನೆಯಲ್ಲಿ ಪಾಠ ಹೇಳಿಕೊಡುವವರು ಮೂರು ತಲೆಮಾರಿನಿಂದ ಇರುವುದಕ್ಕೂ, ಮಗುವೇ ಮನೆಯ ಮೊದಲ ಓದುಗನಾಗಿರುವುದಕ್ಕೂ ಇರುವ ದೂರವನ್ನು ಜನವರಿಯಲ್ಲಿ ನಡೆಸುವ ವಿಶೇಷ ತರಗತಿಗಳು ತುಂಬಲಾರವು. ಅದೂ ಹತ್ತಿ ಬಿಡಿಸುವ ಕೆಲಸಕ್ಕೆ ಮಕ್ಕಳ ಕೈಗಳೂ ಬೇಕಾಗುವ ಊರಿನಲ್ಲಿ, ಸುಗ್ಗಿ ಮುಗಿದ ಕೂಡಲೇ ತಂದೆತಾಯಿ ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗಿ, ಅಜ್ಜಿಯ ಬಳಿ ಉಳಿದ ಮಗು ತಮ್ಮ ತಂಗಿಯರನ್ನು ನೋಡಿಕೊಂಡು ಪೂರ್ವಸಿದ್ಧತಾ ಪರೀಕ್ಷೆ ಬರೆಯುವ ಮನೆಗಳಲ್ಲಿ ಆ ದೂರ ಇನ್ನಷ್ಟು ಹಿಗ್ಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಕ್ಕಳ ಹಿನ್ನೆಲೆಯನ್ನು ತಿಳಿಯಬೇಕೆಂದ ಕೂಡಲೇ "ಈ ಕೇರಿಯ ಮಕ್ಕಳು ಇಷ್ಟೇ" ಎಂಬ ತೀರ್ಮಾನಕ್ಕೆ ಜಾರುವವರನ್ನು ನಾನು ಶಿಕ್ಷಕರ ಕೊಠಡಿಗಳಲ್ಲಿ ಕಂಡಿದ್ದೇನೆ. ಆ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ. ದಾಖಲಾತಿ ವಹಿಯ ಜಾತಿಯ ಕಾಲಂ ಮಗುವಿನ ಬುದ್ಧಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಮಗುವಿಗೆ ವಿದ್ಯಾರ್ಥಿನಿಲಯ ಬೇಕೆ, ಸಂಜೆ ಓದಲು ಬೆಳಕಿರುವ ಜಾಗ ಬೇಕೆ, ಎಂಟನೆಯ ತರಗತಿಯಲ್ಲೇ ಭಾಗಾಕಾರವನ್ನು ಮೊದಲಿನಿಂದ ಕಲಿಸಬೇಕೆ ಎಂದು ವಿಚಾರಿಸಿ ತಿಳಿಯುವ ಹೊಣೆಯನ್ನು ಅದು ನಮ್ಮ ಮೇಲೆ ಹೊರಿಸುತ್ತದೆ, ಅಷ್ಟೆ.

ನನ್ನನ್ನು ಹೆಚ್ಚು ಕಾಡುವ ಅಂತರ ಜಿಲ್ಲೆಗಳದ್ದಲ್ಲ, ಒಂದೇ ತರಗತಿಯ ಒಳಗಿನದು. 2024ರಲ್ಲಿ ಬಾಲಕಿಯರಲ್ಲಿ ಶೇ 81.11 ಮಂದಿ, ಬಾಲಕರಲ್ಲಿ ಶೇ 65.90 ಮಂದಿ ತೇರ್ಗಡೆಯಾದರು. ಅದೇ ವರ್ಷ ಸರ್ಕಾರಿ ಶಾಲೆಗಳ ಫಲಿತಾಂಶ ಶೇ 72.46, ಅನುದಾನರಹಿತ ಖಾಸಗಿ ಶಾಲೆಗಳದು ಶೇ 86.46. ಸರ್ಕಾರಿ ಮತ್ತು ಖಾಸಗಿ ಶಾಲೆಗಳ ನಡುವಿನ ಅಂತರವನ್ನು ಕುರಿತು ನಾವು ಎಷ್ಟೆಲ್ಲ ಚರ್ಚಿಸುತ್ತೇವೆ; ಅದಕ್ಕಿಂತಲೂ ದೊಡ್ಡದಾದ ಹುಡುಗ ಹುಡುಗಿಯರ ನಡುವಿನ ಅಂತರ "ಬಾಲಕಿಯರೇ ಮೇಲುಗೈ" ಎಂಬ ಒಂದು ಸಾಲಿನ ಶೀರ್ಷಿಕೆಯಲ್ಲಿ ಮುಗಿದುಹೋಗುತ್ತದೆ. ಒಂದೇ ಮನೆಯ ಅಕ್ಕ ತಮ್ಮಂದಿರು, ಅದೇ ಶಿಕ್ಷಕರು, ಅದೇ ಅಕ್ಷರ ದಾಸೋಹದ ಊಟ. ಹಾಗಿದ್ದೂ ಈ ಅಂತರ ಏಕೆ? ಅನುತ್ತೀರ್ಣಳಾದರೆ ಮುಂದಿನ ಮಾತು ಮದುವೆಯದೇ ಎಂದು ಹುಡುಗಿಗೆ ಗೊತ್ತಿರುತ್ತದೆ. ಕಾಲೇಜಿನ ಬಸ್ಸು ಹತ್ತಲು ಅವಳಿಗಿರುವ ಒಂದೇ ರಹದಾರಿ ಆ ಅಂಕಪಟ್ಟಿ. ಹುಡುಗನಿಗಾದರೋ ಹದಿನೈದು ತುಂಬುವ ಮೊದಲೇ ಗ್ಯಾರೇಜು, ಸೆಂಟ್ರಿಂಗ್ ಕೆಲಸ, ಟ್ರ್ಯಾಕ್ಟರ್ ಕೈಬೀಸಿ ಕರೆಯುತ್ತವೆ. ಅವನು ತರುವ ದಿನಗೂಲಿ ಮನೆಗೆ ಬೇಕಾಗಿಯೂ ಇರುತ್ತದೆ. ಹುಡುಗಿ ಭಯದಿಂದ ಓದುತ್ತಿದ್ದಾಳೆ, ಹುಡುಗ ಓದಿನಲ್ಲಿ ನಂಬಿಕೆ ಕಳೆದುಕೊಳ್ಳುತ್ತಿದ್ದಾನೆ. ನನ್ನ ದೃಷ್ಟಿಯಲ್ಲಿ ಇವೆರಡೂ ಶಾಲೆಯ ಚಿಂತೆಗಳೇ.

ಇನ್ನು ಕಣ್ಣಿಗೇ ಬೀಳದ ಮಕ್ಕಳ ಮಾತು. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷಕ್ಕೆ, ಎಂಟನೆಯ ತರಗತಿಗೆ ನಿಲ್ಲುತ್ತದೆ. ಒಂಬತ್ತರಲ್ಲಿ ಬಿಟ್ಟುಹೋದ ಮಗು ಪರೀಕ್ಷೆಗೆ ನೋಂದಾಯಿಸುವುದಿಲ್ಲ. ನೋಂದಾಯಿಸದ ಮಗು ಅನುತ್ತೀರ್ಣರ ಲೆಕ್ಕದಲ್ಲೂ ಇರುವುದಿಲ್ಲ. ಎಂಟನೆಯ ತರಗತಿಗೆ 60 ಮಕ್ಕಳು ಸೇರಿ, 40 ಮಂದಿ ಪರೀಕ್ಷೆ ಬರೆದು, 36 ಮಂದಿ ತೇರ್ಗಡೆಯಾದ ಶಾಲೆಯ ಫಲಿತಾಂಶ ಶೇ 90 ಎಂದು ಗೋಡೆಯ ಮೇಲೆ ಬರೆಯಲಾಗುತ್ತದೆ. ಸೇರಿದವರ ಲೆಕ್ಕದಲ್ಲಿ ಅದು ಶೇ 60. ಗುಳೆ ಹೋದ ಮನೆಯ ಹುಡುಗನನ್ನು ಹುಡುಕಿ ಕರೆತಂದು ಪರೀಕ್ಷೆಗೆ ಕೂರಿಸಿದ ಶಾಲೆ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ, ಅವನನ್ನು ಮರೆತ ಶಾಲೆ ಮೇಲೇರುತ್ತದೆ.

ಆದ್ದರಿಂದ ಮುಖ್ಯ ಶಿಕ್ಷಕರಲ್ಲಿ ಮತ್ತು ಶಾಲಾಭಿವೃದ್ಧಿ ಸಮಿತಿಯ ಸದಸ್ಯರಲ್ಲಿ ನನ್ನ ಬೇಡಿಕೆ ಇಷ್ಟು. ಗೋಡೆಯ ಫಲಕದಲ್ಲಿ ಹಾಜರಾದವರು, ತೇರ್ಗಡೆಯಾದವರು ಎಂಬ ಕಾಲಂಗಳ ಪಕ್ಕದಲ್ಲಿ, ಮೂರು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ಸೇರಿದವರ ಸಂಖ್ಯೆಯನ್ನೂ ಬರೆಸಿ. ವರ್ಗಾವಣೆ ಪತ್ರ ಪಡೆದು ಬೇರೆ ಶಾಲೆಗೆ ಹೋದವರನ್ನು ಕಳೆದ ಮೇಲೆ ಉಳಿಯುವ ಹೆಸರುಗಳನ್ನು ಜೂನ್ ತಿಂಗಳ ಮೊದಲ ಸಭೆಯಲ್ಲಿ ಒಂದೊಂದಾಗಿ ಓದಿ, ಪ್ರತಿಯೊಂದು ಹೆಸರಿನ ಮುಂದೆ ಆ ಮಗುವಿನ ಮನೆಗೆ ಯಾರು ಹೋಗುವವರು ಎಂಬುದನ್ನು ಅಲ್ಲೇ ಬರೆದುಕೊಳ್ಳಿ.