ಚರಗ ಚೆಲ್ಲಿದ ಹೊಲದಲ್ಲೇ ಆಟೋ ಸ್ಟಾರ್ಟರ್

ಎಲ್ಲರಿಗೂ ನಮಸ್ಕಾರ ರೀ.

ಎಳ್ಳ ಅಮಾವಾಸ್ಯೆ ಬಂತೆಂದರೆ ನಮ್ಮ ಬಾಗಲಕೋಟೆ ಕಡೆ ಎಲ್ಲರ ಮೊಬೈಲಿಗೂ ಒಂದು ಮೆಸೇಜ್ ಬರುತ್ತದೆ. ಪಶ್ಚಿಮದವರು ಪ್ರಕೃತಿಯನ್ನು ಲೂಟಿ ಮಾಡಿದರು, ನಾವು ಪೂಜೆ ಮಾಡಿದೆವು ಅಂತ. ಜೊತೆಗೆ ಎತ್ತಿನ ಗಾಡಿಯ ಫೋಟೊ, ತಲೆ ಮೇಲೆ ಬುತ್ತಿ ಹೊತ್ತ ಹೆಣ್ಣುಮಕ್ಕಳು. ಫೋಟೊ ಚೆಂದ ಇರುತ್ತದೆ. ಮಾತು ಮಾತ್ರ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಹಬ್ಬದ ಮೇಲೆ ನನ್ನ ತಕರಾರಿಲ್ಲ. ಸಜ್ಜಿ ಕಡಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಪಾಂಡವರು ಅಂತ ಪೂಜೆ ಮಾಡುತ್ತೇವೆ. ಬೆಳೆಗೆ ಚರಗ, ಅಂದರೆ ಭೂಮಿಗೆಂದು ತೆಗೆದಿಟ್ಟ ತುತ್ತು, ಚೆಲ್ಲಿ ಆಮೇಲೆ ನಾವು ಉಣ್ಣುತ್ತೇವೆ. ಕೆಲವರು ಇದಕ್ಕೂ ವಿಜ್ಞಾನ ಹಚ್ಚುತ್ತಾರೆ. ಚರಗ ತಿನ್ನಲು ಹಕ್ಕಿ ಬರುತ್ತವೆ, ಬಂದ ಹಕ್ಕಿ ಕಡಲೆಯ ಕಾಯಿಕೊರಕ ಹುಳುವನ್ನೂ ಹೆಕ್ಕುತ್ತವೆ ಅಂತ. ಹಕ್ಕಿ ಹುಳು ತಿನ್ನುವುದು ನಿಜ. ಕಡಲೆ ಹೊಲದಲ್ಲಿ ಹಕ್ಕಿ ಕೂರಲು ಕೋಲು ನೆಡಿ ಅಂತ ಕೃಷಿ ತಜ್ಞರೂ ಹೇಳುತ್ತಾರೆ. ಆದರೆ ವರ್ಷಕ್ಕೆ ಒಂದು ದಿನ ಚೆಲ್ಲಿದ ಅನ್ನಕ್ಕೆ ಕೀಡಿ ಹೋಗುವುದಿಲ್ಲ. ಹೋಗಬೇಕು ಅಂತಲೂ ಇಲ್ಲ. ಲಾಭ ಇದ್ದರಷ್ಟೇ ಭೂಮಿಗೆ ತುತ್ತು ಕೊಡಬೇಕಾ?

ಇನ್ನು ಆ ಲೂಟಿ-ಪೂಜೆಯ ವಾದ. ತಮಾಷೆ ನೋಡಿ, ಅದಕ್ಕೆ ಗಟ್ಟಿ ಬೆಂಬಲ ಸಿಕ್ಕಿದ್ದು ಅಮೆರಿಕದಿಂದ. 1967ರಲ್ಲಿ ಲಿನ್ ವೈಟ್ ಎಂಬ ಇತಿಹಾಸಕಾರರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಪಶ್ಚಿಮದ ಕ್ರೈಸ್ತ ಧರ್ಮ ಮನುಷ್ಯನನ್ನು ಪ್ರಕೃತಿಯ ಮೇಲೆ ಒಡೆಯನಾಗಿ ಕೂರಿಸಿತು, ಈಗಿನ ಬಿಕ್ಕಟ್ಟಿನ ಬೇರು ಅಲ್ಲಿದೆ ಅಂತ. 1637ರಷ್ಟು ಹಿಂದೆಯೇ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್, ವಿಜ್ಞಾನದಿಂದ ನಾವು ಪ್ರಕೃತಿಯ ಯಜಮಾನರಂತೆ ಆಗಬಹುದು ಅಂತ ಬರೆದಿದ್ದರು. ಕೇಸ್ ಮುಗಿಯಿತು, ಅಲ್ವಾ?

ಮುಗಿಯಲಿಲ್ಲ. ಮರುವರ್ಷ, 1968ರಲ್ಲಿ, ಚೀನಾದಲ್ಲಿ ಹುಟ್ಟಿದ ಭೂಗೋಳ ವಿದ್ವಾಂಸ ಯಿ-ಫು ತುವಾನ್ ಇನ್ನೊಂದು ಲೇಖನ ಬರೆದರು. ಚೀನಾದಲ್ಲಿ ಪ್ರಕೃತಿಯ ಜೊತೆ ಹೊಂದಿ ಬಾಳು ಅನ್ನುವ ತಾವೋ ಪಂಥ ಇತ್ತು, ಬೌದ್ಧ ಧರ್ಮ ಇತ್ತು, ಬೆಟ್ಟ ಹೊಳೆಗಳ ಮೇಲೆ ಎಷ್ಟೋ ಕವಿತೆ ಇದ್ದವು. ಆದರೂ ಕಾಡು ಬೋಳಾಯಿತು. ಬರೆಯುವ ಮಸಿಗೆ ಹೊಗೆಯ ಕಪ್ಪು ಬೇಕೆಂದೇ ಪೈನ್ ಮರ ಸುಟ್ಟರಂತೆ! ಮರದ ಮೇಲೆ ಕವಿತೆ ಬರೆಯಲು ಮರವನ್ನೇ ಸುಡುವುದು. ಬಾಯಲ್ಲಿ ಹೇಳುವುದಕ್ಕೂ ಕೈಯಲ್ಲಿ ಮಾಡುವುದಕ್ಕೂ ತಾಳೆ ಇರಲಿಲ್ಲ ಅನ್ನುವುದು ತುವಾನ್ ಅವರ ಮಾತು. ನನ್ನ ಓಟು ಇವರಿಗೆ.

ಯಾಕೆಂದರೆ ಇದನ್ನು ನೋಡಲು ಚೀನಾಕ್ಕೆ ಹೋಗಬೇಕಾಗಿಲ್ಲ. ಜಮಖಂಡಿ, ಮುಧೋಳ, ಅಥಣಿ, ರಾಯಬಾಗ ಕಡೆಯ ಸವಳು ಹೊಲಕ್ಕೆ, ಅಂದರೆ ಉಪ್ಪೇರಿ ಕೆಟ್ಟ ಹೊಲಕ್ಕೆ ಬನ್ನಿ. ಒಂದು ಕಾಲಕ್ಕೆ ಕಣ್ಣಿಗೊತ್ತಿಕೊಳ್ಳುವಂಥ ಕಪ್ಪು ಎರೆ ಭೂಮಿ. ಈಗ ಬಿಸಿಲೇರಿದಾಗ ಬೋದಿನ ನೆತ್ತಿಯ ಮೇಲೆ ಬೆಳ್ಳಗೆ ಪುಡಿ ಕಟ್ಟಿರುತ್ತದೆ. ಬೆರಳಲ್ಲಿ ಒರೆಸಿ ನಾಲಿಗೆಗೆ ಹಚ್ಚಿ, ಉಪ್ಪು. ಅದೇ ಪಟ್ಟಿಯಲ್ಲಿ ಒಂದು ಕಡೆ ಕಬ್ಬು ಆಳೆತ್ತರ, ಇನ್ನೊಂದು ಕಡೆ ಮೊಣಕಾಲೆತ್ತರ, ನಡುವೆ ಏನೂ ಹುಟ್ಟದ ಬಯಲು.

ಇದರಲ್ಲಿ ಗುಟ್ಟೇನಿಲ್ಲ. ಎರೆ ಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ವರ್ಷವಿಡೀ ಕಬ್ಬಿಗೆ ಮಡಿ ತುಂಬಾ ನೀರು ಹಾಯಿಸಿದರೆ ಒಳಗಿನ ನೀರಿನ ಮಟ್ಟ ಮೇಲೇರುತ್ತದೆ, ಜೊತೆಗೆ ಮಣ್ಣಿನ ಲವಣವನ್ನೂ ತರುತ್ತದೆ. ನೀರು ಬಿಸಿಲಿಗೆ ಆರುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಮೋಟರಿಗೆ ಆಟೋ ಸ್ಟಾರ್ಟರ್ ಇರುತ್ತದೆ, ರಾತ್ರಿ ಎಷ್ಟು ಹೊತ್ತಿಗೆ ಕರೆಂಟ್ ಬಂದರೂ ನೀರು ಚಾಲೂ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಹೊಲ ಕೆರೆ. ಆ ಹೊಲದಲ್ಲೂ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿರುತ್ತಾರೆ, ಮತ್ತೆ. ಎಲ್ಲ ತಪ್ಪು ರೈತನದೇ ಅನ್ನುತ್ತಿಲ್ಲ. ನೀರು ತರುವುದಕ್ಕೆ ಆದ ಗದ್ದಲದ ಕಾಲು ಭಾಗವೂ ಹೆಚ್ಚಾದ ನೀರು ಬಸಿದು ಹೋಗುವುದಕ್ಕೆ ಆಗಲಿಲ್ಲ.

ಈಗ ಪೂಜೆ ಮಾಡದ ಒಬ್ಬರ ವಿಷಯ. ಚಾರ್ಲ್ಸ್ ಡಾರ್ವಿನ್ 1837ರಲ್ಲೇ ಎರೆಹುಳುವಿನ ಮೇಲೆ ಒಂದು ಪ್ರಬಂಧ ಮಂಡಿಸಿದ್ದರು. 1842ರಲ್ಲಿ ತಮ್ಮ ಮನೆ ಹತ್ತಿರದ ಹುಲ್ಲುಗಾವಲಿನ ಮೇಲೆ ಸೀಮೆಸುಣ್ಣದ ಚೂರು ಹರಡಿಸಿ ಬಿಟ್ಟರು. 29 ವರ್ಷ ಕಾದು ಅಲ್ಲಿ ಅಗೆಸಿದರು. ಚೂರುಗಳು ಸುಮಾರು 7 ಇಂಚು ಕೆಳಗಿದ್ದವು. ಹುಳುಗಳು ಒಳಗಿನ ಮಣ್ಣನ್ನು ಮೇಲೆ ತಂದು ತಂದು ಅವನ್ನು ಮುಚ್ಚಿದ್ದವು. ಕುಂಡದಲ್ಲಿ ಹುಳು ಸಾಕಿ, ಅವಕ್ಕೆ ಕಿವಿ ಕೇಳುತ್ತದೆಯೇ ಅಂತ ಪಿಯಾನೋ ಕೂಡ ನುಡಿಸಿ ಕೇಳಿಸಿದರು. ಕೇಳಲಿಲ್ಲ. ಕುಂಡವನ್ನೇ ಪಿಯಾನೋ ಮೇಲಿಟ್ಟು ನುಡಿಸಿದಾಗ ನಡುಕ ತಿಳಿದು ಬಿಲಕ್ಕೆ ಓಡಿದವು. ಸಾಯುವ ಹಿಂದಿನ ವರ್ಷ, 1881ರಲ್ಲಿ, ಇದೆಲ್ಲ ಪುಸ್ತಕವಾಯಿತು. ಅವರ ಲೆಕ್ಕದಲ್ಲಿ ಒಂದು ಎಕರೆಯಲ್ಲಿ ವರ್ಷಕ್ಕೆ 10 ಟನ್ನಿಗೂ ಜಾಸ್ತಿ ಮಣ್ಣು ಹುಳುಗಳ ಹೊಟ್ಟೆಯೊಳಗೆ ಹಾದು ಬರುತ್ತದೆ. ಭೂಮಿಯನ್ನು ತಾಯಿ ಅಂತ ಕರೆಯದ ಈ ಮನುಷ್ಯ ಮಣ್ಣನ್ನು ನೋಡಿದಷ್ಟು ಹೊತ್ತು, ತಾಯಿ ಅನ್ನುವ ನಾವು ನೋಡಿದ್ದೇವಾ?

ನಮ್ಮಲ್ಲೂ ಈ ಚುರುಕು ಇತ್ತು. ಜೇಡರ ದಾಸಿಮಯ್ಯನವರ ವಚನ ನಿಮಗೆ ಗೊತ್ತೇ ಇದೆ. 'ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ.' ಶಾಲೆಯಲ್ಲಿ ಇಷ್ಟು ಹೇಳಿಸಿ ಚಪ್ಪಾಳೆ ತಟ್ಟಿಸುತ್ತಾರೆ. ವಚನದ ಖಾರ ಕೊನೆಯಲ್ಲಿದೆ. ದೇವರ ದಾನ ಉಂಡು ಬೇರೆಯವರನ್ನು ಹೊಗಳುವವರನ್ನು ಅಲ್ಲಿ ಕುನ್ನಿಗಳು ಅಂತ ಬೈಯುತ್ತಾರೆ. ದಾನ ಉಂಡು ತಮ್ಮನ್ನೇ ಹೊಗಳಿಕೊಳ್ಳುವವರಿಗೆ ಏನಂತಿದ್ದರೋ.

ಸವಳಿಗೆ ಮದ್ದು ಇದೆ. ಸುಮಾರು ಒಂದು ಮೀಟರ್ ಆಳದಲ್ಲಿ ತೂತಿನ ಪೈಪ್ ಹೂತು, ಹೆಚ್ಚಿನ ನೀರನ್ನು, ಉಪ್ಪು ಸಮೇತ, ಬಸಿದು ಹೊರಹಾಕುವುದು. ಹನಿ ನೀರಾವರಿ ಮಾಡಿದರೆ ಸವಳು ಏರುವುದೂ ನಿಧಾನವಾಗುತ್ತದೆ. ಕಷ್ಟ ಇರುವುದು ಪೈಪಿನಲ್ಲಲ್ಲ. ಬಸಿದ ನೀರು ಹಳ್ಳ ಮುಟ್ಟಬೇಕು, ನಡುವೆ ನಾಲ್ಕು ಮಂದಿಯ ಹೊಲ. ಬದುವಿಗಾಗಿ ಕೋರ್ಟ್ ಹತ್ತಿದ ಅಣ್ಣತಮ್ಮಂದಿರು ಒಂದೇ ಪೈಪಿಗೆ ಒಪ್ಪಬೇಕು. ಒಬ್ಬ ಒಲ್ಲೆ ಅಂದರೆ ಮೇಲಿನವರೆಲ್ಲ ಕೆಟ್ಟರು.

ನಿಮ್ಮೂರಲ್ಲಿ ಹೀಗೆ ಕೂಡಿ ಪೈಪ್ ಹಾಕಿಸಿದವರಿದ್ದರೆ ಕಾಮೆಂಟಿನಲ್ಲಿ ಬರೆಯಿರಿ. ಮೊದಲು ಒಪ್ಪಿದವರು ಯಾರು, ಒಲ್ಲೆ ಅಂದವರನ್ನು ಹೇಗೆ ಒಪ್ಪಿಸಿದಿರಿ, ಖರ್ಚು ಎಕರೆ ಲೆಕ್ಕದಲ್ಲಿ ಹಂಚಿದಿರೋ ಮನೆ ಲೆಕ್ಕದಲ್ಲಿ ಹಂಚಿದಿರೋ, ಅದನ್ನೂ ಹೇಳಿ.