ಐದು ವರ್ಷ ಮುಗಿಯಿತು, ವಿಸಿಟಿ ಮಾರುವುದಾ ಇಟ್ಟುಕೊಳ್ಳುವುದಾ?

ನಮಸ್ಕಾರ. ಹೋದ ಶನಿವಾರ ನನ್ನ ಹೆಂಡತಿ ಪಾಸ್‌ಪೋರ್ಟ್ ಹುಡುಕುತ್ತಾ ಹಳೇ ಫೈಲೊಂದನ್ನು ಊಟದ ಟೇಬಲ್ ಮೇಲೆ ಸುರಿದಳು. ಮಕ್ಕಳ ಲಸಿಕೆ ಚೀಟಿ, ಹಳೇ ಮನೆಯ ಬಾಡಿಗೆ ಕರಾರು, ಇವುಗಳ ನಡುವೆ ಒಂದು ದಪ್ಪ ಕಾಗದ. "ಇದೇನ್ರೀ, ಹತ್ತು ಸಾವಿರ ಷೇರು ಅಂತಿದೆ?" ಎಂದಳು. 2019ರ ಮಾರ್ಚಿನಲ್ಲಿ ತೆಗೆದುಕೊಂಡ ವಿಸಿಟಿ. ವೆಂಚರ್ ಕ್ಯಾಪಿಟಲ್ ಟ್ರಸ್ಟ್, ಅಂದರೆ ನಮ್ಮಂಥವರ ದುಡ್ಡು ಕೂಡಿಸಿ ಸಣ್ಣ ಕಂಪನಿಗಳಿಗೆ ಹಾಕುವ ಬ್ರಿಟನ್ನಿನ ಫಂಡು. ನಾನು ಮರೆತೇಬಿಟ್ಟಿದ್ದೆ.

ಇಲ್ಲಿ ಬ್ರಿಟನ್ನಿನಲ್ಲಿ ಕೆಲಸ ಮಾಡುವ ನಮ್ಮವರಲ್ಲಿ, ಮುಖ್ಯವಾಗಿ ಡಾಕ್ಟರುಗಳು ಮತ್ತು ಐಟಿಯವರಲ್ಲಿ, ಇದು ಇರುವವರು ಕೆಲವರಾದರೂ ಸಿಗುತ್ತಾರೆ. ಪೆನ್ಷನ್ನಿಗೆ ಹಾಕುವ ಮಿತಿ ತುಂಬಿತು, ಐಸಾ ಎಂಬ ಟ್ಯಾಕ್ಸ್ ಇಲ್ಲದ ಉಳಿತಾಯ ಖಾತೆಯ 20,000 ಪೌಂಡೂ ತುಂಬಿತು, ಮುಂದೇನು ಎಂದಾಗ ಯಾರೋ ಇದನ್ನು ತೋರಿಸುತ್ತಾರೆ. ಹಾಕಿದ ದುಡ್ಡಿನ ಒಂದು ಪಾಲು (2026ರ ಏಪ್ರಿಲ್ 6ಕ್ಕೆ ಮುಂಚೆ ಕೊಂಡ ನನ್ನಂಥವರಿಗೆ ಶೇಕಡಾ 30) ಇನ್‌ಕಮ್ ಟ್ಯಾಕ್ಸಿನಲ್ಲಿ ಕಡಿತ, ಡಿವಿಡೆಂಡಿಗೆ ಟ್ಯಾಕ್ಸ್ ಇಲ್ಲ, ಮಾರಿ ಲಾಭ ಬಂದರೆ ಅದಕ್ಕೂ ಇಲ್ಲ. ಷರತ್ತು ಒಂದೇ: ಐದು ವರ್ಷ ಮುಟ್ಟಬಾರದು. ಮೊದಲೇ ಮಾರಿದರೆ ಆ ಕಡಿತ ವಾಪಸ್ ಕಟ್ಟಬೇಕು.

ಐದು ವರ್ಷ ಮುಗಿದ ಮೇಲೆ ಏನು ಮಾಡಬೇಕು? ಅದನ್ನು ಯಾರೂ ಹೇಳುವುದಿಲ್ಲ. ಮಾರಿದವರಿಗೆ ಕಮಿಷನ್ ಬಂದಾಗಿದೆ ಅಲ್ವಾ. ನಾನು ಹಣಕಾಸು ಸಲಹೆಗಾರ ಅಲ್ಲ, ನಿಮ್ಮ ಹಾಗೆ ಸಂಬಳದವನು. ಆದರೂ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನವರು ಮಾರಬೇಕು.

ಯಾಕೆ ಅಂತ ನನ್ನದೇ ಲೆಕ್ಕ ನೋಡಿ. ಒಂದು ಪೌಂಡಿನಂತೆ ಹತ್ತು ಸಾವಿರ ಷೇರು. ಟ್ಯಾಕ್ಸ್ ಕಡಿತ 3,000 ಬಂತು. ಇಲ್ಲಿಯವರೆಗೆ ಡಿವಿಡೆಂಡ್ ಷೇರಿಗೆ ಒಟ್ಟು 30 ಪೆನ್ಸ್, ಅದೂ 3,000. ಈಗ ಒಂದು ಷೇರಿನ ಹಿಂದಿರುವ ಆಸ್ತಿಯ ಬೆಲೆ, ಎನ್‌ಎವಿ, 66 ಪೆನ್ಸ್. ಫಂಡು ತಾನೇ ಷೇರು ವಾಪಸ್ ಕೊಳ್ಳುವಾಗ ಅದರಲ್ಲಿ ಶೇಕಡಾ 5 ಮುರಿದುಕೊಳ್ಳುತ್ತದೆ. ಕೈಗೆ ಸುಮಾರು 6,270. ಎಲ್ಲ ಕೂಡಿಸಿದರೆ 12,270. ಪರವಾಗಿಲ್ಲ ಅನ್ನಿಸುತ್ತೆ. ಆದರೆ ಆ ಟ್ಯಾಕ್ಸ್ ಕಡಿತವನ್ನು ಪಕ್ಕಕ್ಕಿಟ್ಟು ನೋಡಿ. ಫಂಡು ನನ್ನ ಹತ್ತು ಸಾವಿರ ತೆಗೆದುಕೊಂಡು ಕೊಟ್ಟಿದ್ದು 9,270. ನನಗೆ ಲಾಭ ಮಾಡಿಕೊಟ್ಟಿದ್ದು ಸರ್ಕಾರ. ಫಂಡು ಮಾಡಿದ್ದು 730 ಪೌಂಡ್ ನಷ್ಟ, ವರ್ಷಾವರ್ಷ ತನ್ನ ಫೀಸು ಮುರಿದುಕೊಂಡ ಮೇಲೆ.

ಈಗ ನಾನು ಇಟ್ಟುಕೊಂಡರೆ ಇನ್ನೊಂದು ಸಲ ಆ 3,000 ಸಿಗುವುದಿಲ್ಲ. ಉಳಿಯುವುದು ಈ ಫಂಡು ಮಾತ್ರ.

"ಡಿವಿಡೆಂಡ್ ಬರುತ್ತಲ್ಲ, ಅದೂ ಟ್ಯಾಕ್ಸ್ ಇಲ್ಲದೆ" ಎಂದು ಸ್ನೇಹಿತರೊಬ್ಬರು ವಾದಿಸಿದರು. ವರ್ಷಕ್ಕೆ ಎನ್‌ಎವಿಯ ಶೇಕಡಾ 5 ಕೊಡುವುದು ಹಲವು ವಿಸಿಟಿಗಳ ಗುರಿ. ಆದರೆ ಆ ದುಡ್ಡು ಕಂಪನಿ ಮಾರಿದ ಲಾಭದಿಂದ ಬಂತಾ, ಇಲ್ಲಾ ನಾವು ಹಾಕಿದ ಅಸಲಿನಿಂದಲೇ ಬಂತಾ? ನನ್ನದರಲ್ಲಿ 30 ಪೆನ್ಸ್ ಕೈಗೆ ಬಂದಿದೆ, ಅಷ್ಟು ಹೊತ್ತಿಗೆ ಎನ್‌ಎವಿ 34 ಪೆನ್ಸ್ ಇಳಿದಿದೆ. ಬಿತ್ತನೆಗೆ ಇಟ್ಟ ರಾಗಿಯನ್ನೇ ಬೀಸಿ ಅಂಬಲಿ ಮಾಡಿ ಬಡಿಸಿದ ಹಾಗೆ. ಊಟ ಆಯಿತು, ಸರಿ.

ಇನ್ನೊಂದು ವಿಷಯ, ಇದನ್ನು ಗಮನಿಸಿದವರು ಕಡಿಮೆ. ವಿಸಿಟಿ ಶುರುವಾಗಿದ್ದು 1995ರಲ್ಲಿ. ಮೊದಲೆಲ್ಲ ಇವು ನೆಲೆ ನಿಂತ ಕಂಪನಿಗಳ ಮಾಲೀಕತ್ವ ಬದಲಾಗುವಾಗಲೂ ದುಡ್ಡು ಹಾಕಬಹುದಿತ್ತು. ಅಲ್ಲಿಂದ ನೆಮ್ಮದಿಯಾಗಿ ಬಡ್ಡಿ, ಡಿವಿಡೆಂಡ್ ಬರುತ್ತಿತ್ತು. 2015ರಲ್ಲಿ ನಿಯಮ ಬದಲಾಯಿತು. ಈಗ ಸಾಮಾನ್ಯವಾಗಿ ವ್ಯಾಪಾರ ಶುರುವಾಗಿ ಏಳು ವರ್ಷದೊಳಗಿನ ಎಳೆ ಕಂಪನಿಗಳಿಗೇ ಹಾಕಬೇಕು. ಅದರಲ್ಲೂ ಒಳ್ಳೆಯದು ಸಿಗುತ್ತದೆ, ಇಲ್ಲ ಅಂತಲ್ಲ. ಮನೆ ಹುಡುಕುವ ವೆಬ್‌ಸೈಟ್ ಝೂಪ್ಲಾ, ಫೋನ್ ಕೀಬೋರ್ಡಿನ ಸ್ವಿಫ್ಟ್‌ಕೀ ಎರಡಕ್ಕೂ ಮೊದಮೊದಲು ವಿಸಿಟಿ ದುಡ್ಡು ಹೋಗಿತ್ತು. ಸ್ವಿಫ್ಟ್‌ಕೀಯನ್ನು 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಆದರೆ ಅಂಥ ಒಂದರ ಹಿಂದೆ ಸದ್ದಿಲ್ಲದೆ ಮುಚ್ಚಿದವು ಎಷ್ಟೋ. ಹಾಗಾಗಿ ಇಪ್ಪತ್ತು ವರ್ಷದ ಸಾಧನೆ ಅಂತ ಗ್ರಾಫ್ ತೋರಿಸಿದರೆ ಅದರ ಅರ್ಧ ಬೇರೆಯದೇ ಆಟದ ಸ್ಕೋರು.

"ಮಾರಿ, ಅದೇ ದುಡ್ಡನ್ನು ಹೊಸ ವಿಸಿಟಿಗೆ ಹಾಕಿ ಮತ್ತೆ ಕಡಿತ ತಗೊಳ್ಳಿ" ಎನ್ನುವವರಿದ್ದಾರೆ. ಅದೇ ವಿಸಿಟಿಗೆ ಹಾಕುವುದಾದರೆ, ಮಾರಾಟಕ್ಕೆ ಆರು ತಿಂಗಳು ಹಿಂದೆಮುಂದೆ ಕೊಂಡ ಷೇರಿಗೆ ಕಡಿತಕ್ಕೆ ಕತ್ತರಿ ಬೀಳುತ್ತದೆ. ಬೇರೆಯದಕ್ಕೆ ಹಾಕಬಹುದು. ಆದರೆ 2026ರ ಏಪ್ರಿಲ್ 6ರಿಂದ ಹೊಸ ಷೇರಿಗೆ ಕಡಿತ ಶೇಕಡಾ 20 ಮಾತ್ರ. 1995ರಲ್ಲಿ ಇದ್ದದ್ದೂ 20. ನಡುವೆ ಎರಡು ವರ್ಷ 40 ಆಯಿತು, ಆಮೇಲೆ 30, ಈಗ ಸುತ್ತಿ ಬಂದು ಅಲ್ಲಿಗೇ. ಮಾರುವಾಗ ಹೋದ 5, ಹೊಸದಕ್ಕೆ ಸೇರುವ ಖರ್ಚು ಒಂದು 4 ಅಥವಾ 5 ಕಳೆಯಿರಿ. ಉಳಿದ ಹತ್ತು ಹನ್ನೊಂದಕ್ಕೆ ಮತ್ತೆ ಐದು ವರ್ಷ ಕಟ್ಟಿ ಹಾಕಿಸಿಕೊಳ್ಳಬೇಕಾ? ನನಗಂತೂ ಬೇಡ.

ಯಾರು ಇಟ್ಟುಕೊಳ್ಳಬಹುದು? ಕಡಿತ ಬಿಟ್ಟು ನೋಡಿದರೂ ಎನ್‌ಎವಿ ಮತ್ತು ಡಿವಿಡೆಂಡ್ ಕೂಡಿಸಿದಾಗ ಫಂಡು ಚೆನ್ನಾಗಿ ಬೆಳೆದಿದ್ದರೆ. ಜೊತೆಗೆ ನೀವು ಜಾಸ್ತಿ ಟ್ಯಾಕ್ಸ್ ಕಟ್ಟುವವರಾಗಿದ್ದು, ಇಲ್ಲೇ ನೆಲೆಸುವವರಾಗಿದ್ದರೆ.

ಊರಿಗೆ ವಾಪಸ್ ಹೋಗುವವರು ಮಾತ್ರ ಸ್ವಲ್ಪ ಕಿವಿ ಕೊಡಿ. "ಟ್ಯಾಕ್ಸ್ ಇಲ್ಲ" ಎಂಬುದು ಬ್ರಿಟನ್ನಿನ ಮಾತು, ಬೆಂಗಳೂರಿನ ಇನ್‌ಕಮ್ ಟ್ಯಾಕ್ಸ್ ಆಫೀಸಿಗೆ ಅದು ಗೊತ್ತಿಲ್ಲ. ವಾಪಸ್ ಹೋದ ಮೊದಲ ಎರಡು ಮೂರು ವರ್ಷ ಹಲವರಿಗೆ ಆರ್‌ಎನ್‌ಓಆರ್ (ನಿವಾಸಿ, ಆದರೆ ಇನ್ನೂ ಸಾಮಾನ್ಯ ನಿವಾಸಿ ಅಲ್ಲ) ಎಂಬ ಸ್ಥಾನ ಇರುತ್ತದೆ, ಅಷ್ಟರವರೆಗೆ ವಿದೇಶದ ಡಿವಿಡೆಂಡಿಗೆ ಕೈ ಹಾಕುವುದಿಲ್ಲ. ಅದು ಮುಗಿದ ಮೇಲೆ ಇದೇ ಡಿವಿಡೆಂಡ್ ನಿಮ್ಮ ಸ್ಲ್ಯಾಬಿನಲ್ಲಿ ಸೇರುತ್ತದೆ, ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಅಂತ ಪ್ರತಿ ವರ್ಷ ಬರೆಯಬೇಕು. ಐದು ವರ್ಷ ಆಗಿದ್ದರೆ ಹೊರಡುವ ಮುಂಚೆಯೇ ಮುಗಿಸಿ.

ಮಾರುವ ಮುಂಚೆ ಎರಡು ಮಾತು. ಡಿವಿಡೆಂಡನ್ನು ಮತ್ತೆ ಷೇರಿಗೇ ಹಾಕುತ್ತಿದ್ದರೆ ಪ್ರತಿ ಸಲ ಬಂದ ಹೊಸ ಷೇರಿಗೆ ಅದರದೇ ಐದು ವರ್ಷ. ಮಾರುವಾಗ ಹಳೆಯದು ಮೊದಲು ಹೋಗುತ್ತದೆ, ಅದೊಂದು ಸಮಾಧಾನ. ಎರಡನೆಯದು, ಸುಮ್ನೆ ಆ್ಯಪಿನಲ್ಲಿ ಬಟನ್ ಒತ್ತಬೇಡಿ. ಮಾರುಕಟ್ಟೆಯಲ್ಲಿ ಕೊಳ್ಳುವವರೇ ಕಡಿಮೆ. ವಿಸಿಟಿ ಬಲ್ಲ ಬ್ರೋಕರಿಗೆ ಫೋನ್ ಮಾಡಿ, ಫಂಡು ಯಾವಾಗ ವಾಪಸ್ ಕೊಳ್ಳುತ್ತದೆ ಕೇಳಿ.

ನಾನು ಮಂಗಳವಾರ ಮಾಡಿದೆ. ತನ್ನ ಲೆಕ್ಕಪತ್ರದ ವರದಿ ಹೊರಬರುವ ತನಕ ಫಂಡು ಏನೂ ಕೊಳ್ಳುವುದಿಲ್ಲವಂತೆ, ಇನ್ನೂ ಮೂರು ವಾರ. ಕಾಗದದ ಸರ್ಟಿಫಿಕೇಟ್ ಅಸಲಿಯೇ ಬೇಕಂತೆ. ಕಳೆದುಹೋಗಿದ್ದರೆ ಅದಕ್ಕೊಂದು ಮುಚ್ಚಳಿಕೆ ಪತ್ರ, ಅದಕ್ಕೊಂದು ಫೀಸು. ಸದ್ಯಕ್ಕೆ ಅದು ಫ್ರಿಜ್ಜಿನ ಬಾಗಿಲಲ್ಲಿ, ಮಗಳ ಶಾಲೆಯ ಊಟದ ಪಟ್ಟಿಯ ಪಕ್ಕ, ಮ್ಯಾಗ್ನೆಟ್ ಕೆಳಗಿದೆ.